ನಿನ್ನ ಕಾಗದದ ಕೊನೆಯ ಸಾಲಿಗೆ

ಚಿ. ನಯನಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಕಾಗದ ಬಂತು. ಜಪಾನಿನ ಟಿಕೆಟ್ಟು, ಅಲ್ಲಿನ ಮನೆ, ಏಪ್ರಿಲ್‌ನಲ್ಲಿ ನೀನು ಇಂಗ್ಲಿಷ್ ಕಲಿಸಬೇಕಾದ ಶಾಲೆ ಶುರುವಾಗುವುದು, ಎಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿದ್ದಾಳೆ. ಅದನ್ನೆಲ್ಲ ಬಿಡುತ್ತೇನೆ. ಕೊನೆಯಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ಅಮೆರಿಕದವರೋ ಇಂಗ್ಲೆಂಡಿನವರೋ ಬರುತ್ತಾರೆ ಅಂತ ಕಾದಿರುವ ಮಕ್ಕಳು ನನ್ನನ್ನು ನೋಡಿ, ನನ್ನ ಇಂಗ್ಲಿಷ್ ಕೇಳಿ, ಇವರು ನಿಜವಾದ ಟೀಚರ್ ಅಲ್ಲ ಅಂದುಕೊಂಡರೆ ಏನು ಮಾಡಲಿ ದೊಡ್ಡಮ್ಮ" ಅಂತ. ಅದನ್ನು ಓದಿದಾಗಿನಿಂದ ಮನಸ್ಸು ನಿಂತಲ್ಲಿ ನಿಲ್ಲುತ್ತಿಲ್ಲ.

ಹಾಗೇನೂ ಆಗಲ್ಲ, ಸುಮ್ನೆ ಧೈರ್ಯವಾಗಿರು ಅಂತ ಬರೆಯಬಹುದಿತ್ತು. ಅದು ಸುಳ್ಳಾಗುತ್ತಿತ್ತು. ಕೆಲವರು ಹಾಗೆ ಅಂದುಕೊಳ್ಳುತ್ತಾರೆ. ಮಕ್ಕಳಿಗಿಂತ ದೊಡ್ಡವರೇ ಜಾಸ್ತಿ. 1987ರಲ್ಲಿ ಜಪಾನ್ ಸರ್ಕಾರ ಜೆಟ್ ಅನ್ನುವ ಯೋಜನೆ ಶುರುಮಾಡಿ ಹೊರಗಿನವರನ್ನು ಶಾಲೆಗಳಿಗೆ ಕರೆಸಿಕೊಂಡಾಗ ಬಂದವರು ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಈ ನಾಲ್ಕೇ ದೇಶದವರು. ಇಂಗ್ಲಿಷ್ ಟೀಚರ್ ಅಂದರೆ ಇಂಥ ಮುಖ, ಇಂಥ ಉಚ್ಚಾರ ಅಂತ ಅಲ್ಲಿನ ಜನರ ಮನಸ್ಸಿನಲ್ಲಿ ಕೂತಿದ್ದರೆ ಆಶ್ಚರ್ಯವಿಲ್ಲ. ಈಗ ಫಿಲಿಪೈನ್ಸಿನವರು, ಜಮೈಕಾದವರು ಎಷ್ಟೋ ಜನ ಕಲಿಸುತ್ತಿದ್ದಾರೆ. ಆದರೂ ನೀನು ಇಲ್ಲದ್ದನ್ನು ಕಲ್ಪಿಸಿಕೊಂಡು ಹೆದರುತ್ತಿದ್ದೀಯ ಅಂತ ನಾನು ಹೇಳಲಾರೆ.

ಆದರೆ ಒಂದು ವಿಷಯ ಯೋಚನೆ ಮಾಡು. ಶಾಲೆಯಿಂದ ಮೀಡಿಯಂ ಸರ್ಟಿಫಿಕೇಟು ತರಿಸಲು ನಿನ್ನಪ್ಪ ಎರಡೆರಡು ಊರು ಅಲೆದನಲ್ಲ, ಅದು ಯಾಕೆ? ಭಾಷೆ ಕಲಿಸಲು ಹೋಗುವವರು ಆ ಭಾಷೆಯಲ್ಲೇ 12 ವರ್ಷ ಓದಿರಬೇಕು ಅನ್ನುವುದು ಅವರ ವೀಸಾ ನಿಯಮ. ಯಾವ ದೇಶದಲ್ಲಿ ಹುಟ್ಟಿದೆ, ಮನೆಯಲ್ಲಿ ಏನು ಮಾತಾಡುತ್ತೀಯ ಅಂತ ಅದು ಕೇಳುವುದಿಲ್ಲ. ನೀನು ಯಾರ ಜಾಗಕ್ಕೂ ಬದಲಿಯಾಗಿ ಹೋಗುತ್ತಿಲ್ಲ ಕಣೇ.

ನನಗೆ ಆ 12 ವರ್ಷ ಇರಲಿಲ್ಲ. ನಮ್ಮ ಕಾಲದಲ್ಲಿ ಐದನೇ ಕ್ಲಾಸಿಗೆ ಬಂದ ಮೇಲೆ ಎಬಿಸಿಡಿ. ಹೈಸ್ಕೂಲಿಗೆ ಇಂಗ್ಲಿಷ್ ಟೀಚರ್ ಆಗಿ ಸೇರಿದ ಹೊಸದರಲ್ಲಿ ತರಗತಿಯಲ್ಲಿ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದೆ. ಮಕ್ಕಳಿಗೆ ಅರ್ಧ ತಿಳಿಯದಿದ್ದರೂ ಕಣ್ಣರಳಿಸಿ ಕೇಳುತ್ತಿದ್ದವು. ಒಂದು ದಿನ ತಪಾಸಣೆಗೆ ಬಂದ ಅಧಿಕಾರಿ ಹಿಂದಿನ ಬೆಂಚಿನಲ್ಲಿ ಕೂತು, ನಾನು ಪಾಠ ಮಾಡುತ್ತಿರುವಾಗಲೇ "ಆ ಪದವನ್ನು ಹಾಗೆ ಹೇಳೋದಲ್ಲಮ್ಮ" ಅಂತ ಎಲ್ಲರ ಎದುರು ತಿದ್ದಿದರು. ಮಕ್ಕಳು ನಕ್ಕವು. ಆಮೇಲೆ ಬಹಳ ವರ್ಷ ನಾನು ಇಂಗ್ಲಿಷ್ ಪಾಠವನ್ನು ಕನ್ನಡದಲ್ಲೇ ಮಾಡಿದೆ. ಓದುವುದು, ಅರ್ಥ ಹೇಳುವುದು, ಬೋರ್ಡಿನ ಮೇಲೆ ಪ್ರಶ್ನೋತ್ತರ ಬರೆಸುವುದು. ರಿಸಲ್ಟ್ ಚೆನ್ನಾಗಿಯೇ ಬರುತ್ತಿತ್ತು, ಯಾರೂ ದೂರಲಿಲ್ಲ. ಆದರೆ ನಮ್ಮ ಕಡೆಯ ಆ ಮಕ್ಕಳು ಬಾಯಲ್ಲಾಡುವ ಇಂಗ್ಲಿಷ್ ಕೇಳಬಹುದಾಗಿದ್ದದ್ದು ನನ್ನೊಬ್ಬಳಿಂದ. ಅವರಿಗೆ ಅದು ಸಿಗಲಿಲ್ಲ. ಈಗಲೂ ಅದನ್ನು ನೆನೆದರೆ ಸಂಕಟವಾಗುತ್ತದೆ. ನಿನ್ನ ಆ ಸಾಲು ನನ್ನನ್ನು ಇಷ್ಟು ಕಾಡಿದ್ದು ಇದಕ್ಕೇ.

ಬಾಯಿ ಬಿಟ್ಟಿದ್ದು ಬೆಂಗಳೂರಿಗೆ ತರಬೇತಿಗೆ ಹೋಗಿ ಬಂದ ಮೇಲೆ. ಜ್ಞಾನಭಾರತಿಯಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆಯಲ್ಲ, ಅಲ್ಲಿ. ಶಬ್ದ ಬಾಯಲ್ಲಿ ಎಲ್ಲಿ ಹುಟ್ಟುತ್ತದೆ ಅಂತ ಮೊದಲ ಸಲ ಯಾರೋ ನನಗೆ ತೋರಿಸಿದರು. ವಾಪಸ್ ಬಂದು ಅಂಗಡಿಯಿಂದ ಚಿಕ್ಕ ಕೈಗನ್ನಡಿ ತಂದೆ. ನಮ್ಮ ಮಕ್ಕಳು 'ಫ್ಯಾನ್' ಅನ್ನಲು ಹೋಗಿ ಎರಡೂ ತುಟಿ ಒತ್ತಿ 'ಪ್ಯಾನ್' ಅನ್ನುತ್ತಿದ್ದವು. ಕನ್ನಡಿ ಕೈಗೆ ಕೊಟ್ಟು, "ಮೇಲಿನ ಹಲ್ಲು ಕೆಳತುಟಿ ಮೇಲೆ ಇಡು, ಹಾಗೇ ಗಾಳಿ ಬಿಡು" ಅನ್ನುತ್ತಿದ್ದೆ. ಕನ್ನಡಿ ಮೇಲೆ ಉಗಿ ಕೂರುತ್ತಿತ್ತು. ಲಂಗದ ಅಂಚಿನಿಂದ ಒರೆಸಿ ಪಕ್ಕದವಳಿಗೆ ದಾಟಿಸುತ್ತಿದ್ದರು. ಕೊನೆಯ ಬೆಂಚು ತಲುಪುವ ಹೊತ್ತಿಗೆ ಇಡೀ ಕ್ಲಾಸು ಫೂ ಫೂ ಅನ್ನುತ್ತಿತ್ತು. ಆ ಸಂಸ್ಥೆಯಿಂದ ಡಿಪ್ಲೊಮಾಕ್ಕೂ ಕರೆ ಬಂದಿತ್ತು. ಅತ್ತೆಯವರು ಹಾಸಿಗೆ ಹಿಡಿದಿದ್ದರು, ಹೋಗಲಾಗಲಿಲ್ಲ. ಇರಲಿ.

ಆ ಕನ್ನಡಿ ಈಗ ನಿನಗೆ ಬೇಕಾಗುತ್ತದೆ. ಜಪಾನೀ ಮಕ್ಕಳೂ ಆ ಶಬ್ದವನ್ನು ಎರಡು ತುಟಿಯ ಮಧ್ಯೆಯೇ ಊದುತ್ತವಂತೆ. ಎಲ್ ಮತ್ತು ಆರ್ ಅವರಿಗೆ ಒಂದೇ ಕೇಳುತ್ತದೆ. ರೈಟ್ ಅಂದರೂ ಅದೇ, ಲೈಟ್ ಅಂದರೂ ಅದೇ. ಎಲ್‌ಗೆ ನಾಲಿಗೆಯ ತುದಿ ಹಲ್ಲಿನ ಹಿಂದೆ ಒತ್ತಬೇಕು, ಆರ್‌ಗೆ ಎಲ್ಲೂ ತಾಗಬಾರದು. ಇದು ನಿನಗೆ ಗೊತ್ತು, ಯಾಕೆಂದರೆ ನೀನೂ ಕಲಿತವಳು. ಅವರು ಡೆಸ್ಕನ್ನು 'ಡೆಸುಕು' ಅನ್ನುತ್ತಾರೆ. ನಾವು ಡೆಸ್ಕು, ಬಸ್ಸು, ಬ್ಯಾಂಕು ಅನ್ನುವುದಿಲ್ಲವೇ? ಹುಟ್ಟಿನಿಂದ ಇಂಗ್ಲಿಷ್ ಆಡಿದವರು ಆ ಕೊನೆಯ ಉಕಾರ ಕೇಳಿ ತಬ್ಬಿಬ್ಬಾಗಬಹುದು. ಅದು ಎಲ್ಲಿಂದ ಬಂತು, ಹೇಗೆ ಬಿಡಿಸಬೇಕು ಅಂತ ನಿನಗೆ ಒಳಗಿನಿಂದ ಗೊತ್ತು.

ಬಿಡದಿಯ ಟೊಯೋಟಾದಲ್ಲಿ ಕೆಲಸ ಮಾಡುವ ನನ್ನ ಹಳೇ ವಿದ್ಯಾರ್ಥಿ ಸಂಸಾರ ಸಮೇತ ಕೆಲವು ಕಾಲ ಜಪಾನಿನ ಐಚಿಯಲ್ಲಿದ್ದ. ಮಗಳನ್ನು ಅಲ್ಲಿನ ಶಾಲೆಗೇ ಹಾಕಿದ್ದ. ಅವನಿಗೆ ಫೋನ್ ಮಾಡಿ ಬೇಕಾದ್ದು ಬೇಡವಾದ್ದು ಎಲ್ಲ ಕೇಳಿದೆ. ಟೀಚರ್ ಪ್ರಶ್ನೆ ಕೇಳಿದರೆ ಕ್ಲಾಸು ಪೂರ್ತಿ ಮೌನವಂತೆ. ಉತ್ತರ ಗೊತ್ತಿರುವ ಹುಡುಗಿಯೂ ಪಕ್ಕದವಳ ಹತ್ತಿರ ಪಿಸುಗುಟ್ಟಿ, ಸರಿಯಿದೆ ಅಂತ ಆದ ಮೇಲೇ ಬಾಯಿ ಬಿಡುವುದಂತೆ. ನಯನಾ, ನೀನು ಹೆದರಿಕೊಂಡು ಹೋದರೆ ಆ ಮೌನವನ್ನು ನಿನ್ನ ಮೇಲಿನ ತೀರ್ಪು ಅಂದುಕೊಳ್ಳುತ್ತೀಯ. ಅದು ತೀರ್ಪಲ್ಲ. ತಪ್ಪು ಹೇಳಿ ನಗೆಪಾಟಲಾದರೆ ಅನ್ನುವ ಭಯ ಅವರದು. ನಿನ್ನದೂ ಅದೇ ಅಲ್ವಾ? ಪ್ರಶ್ನೆ ಕೇಳಿ ತಡಿ. ಪಕ್ಕದವರ ಜೊತೆ ಮಾತಾಡಿಕೊಳ್ಳಲು ಬಿಡು. ಖಾಲಿ ಹೊತ್ತನ್ನು ನಿನ್ನ ಮಾತಿನಿಂದ ತುಂಬಲು ಹೋಗಬೇಡ.

ನಿನ್ನ ಜೊತೆ ನಿಂತು ಪಾಠ ಮಾಡುವ ಅಲ್ಲಿನ ಟೀಚರ್ ಬಗ್ಗೆಯೂ ಹೇಳಬೇಕು. 2020ರಿಂದ ಅಲ್ಲಿ ಐದು-ಆರನೇ ಕ್ಲಾಸಿಗೆ ಇಂಗ್ಲಿಷ್ ಪೂರ್ಣ ಪ್ರಮಾಣದ ವಿಷಯವಾಯಿತು. ಗಣಿತ, ವಿಜ್ಞಾನ ಹೇಳಿಕೊಂಡಿದ್ದ ಕ್ಲಾಸ್ ಟೀಚರುಗಳೇ ಇಂಗ್ಲಿಷನ್ನೂ ಕಲಿಸಬೇಕಾಯಿತು. ನಿನ್ನೆದುರು ಬಾಯಿ ಬಿಡಲು ಅವರಿಗೆ ಎಷ್ಟು ಅಳುಕಿರಬಹುದು ಯೋಚಿಸು. ಅವರು ಏನಾದರೂ ತಪ್ಪಾಗಿ ಹೇಳಿದರೆ ಮಕ್ಕಳ ಮುಂದೆ ಮಾತ್ರ ತಿದ್ದಬೇಡ. ಯಾಕೆ ಅಂತ ನಿನಗೆ ಬಿಡಿಸಿ ಹೇಳಬೇಕಿಲ್ಲ.

ನಿನಗೆ ಕೆಲಸ ಸಿಕ್ಕಾಗಿನಿಂದ ನಾನೂ ಜಪಾನಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ನತ್ಸುಮೆ ಸೊಸೆಕಿ ಅಂತ ಅವರ ದೊಡ್ಡ ಕಾದಂಬರಿಕಾರರು, ಮೊದಲು ಇಂಗ್ಲಿಷ್ ಮೇಷ್ಟರಾಗಿದ್ದರು. 1900ರಲ್ಲಿ ಸರ್ಕಾರವೇ ಅವರನ್ನು ಇಂಗ್ಲಿಷ್ ಅಧ್ಯಯನಕ್ಕೆ ಲಂಡನ್ನಿಗೆ ಕಳಿಸಿತು. ಅಲ್ಲಿ ಒಂಟಿತನದಲ್ಲಿ ಬೆಂದುಹೋದರು. 1903ರಲ್ಲಿ ಟೋಕಿಯೋದ ವಿಶ್ವವಿದ್ಯಾಲಯದಲ್ಲಿ ಪಾಠಕ್ಕೆ ಬಂದಾಗ, ಅದಕ್ಕೆ ಮುಂಚೆ ಆ ಜಾಗದಲ್ಲಿದ್ದವರು ಲಫ್ಕಾಡಿಯೋ ಹರ್ನ್ ಅನ್ನುವ ಪಾಶ್ಚಾತ್ಯರು. ಹುಡುಗರಿಗೆ ಅವರೆಂದರೆ ಪ್ರಾಣ. ಅವರನ್ನು ಬಿಡಬಾರದು ಅಂತ ಗಲಾಟೆಯನ್ನೇ ಮಾಡಿದ್ದರು. ಅಂಥ ಕ್ಲಾಸಿಗೆ ಈ ಜಪಾನೀ ಮೇಷ್ಟರು ಹೋಗಿ ನಿಂತರು, ಪಾಠ ಮಾಡಿದರು. 1984ರಿಂದ 20 ವರ್ಷ ಅಚ್ಚಾದ ಸಾವಿರ ಯೆನ್ ನೋಟಿನ ಮೇಲೆ ಇರುವುದು ಅವರದೇ ಚಿತ್ರ. ಇದನ್ನು ಓದಿದಾಗ ನಿನ್ನದೇ ನೆನಪಾಯಿತು.

ಇನ್ನು ಸಣ್ಣಪುಟ್ಟದ್ದು. ನಿನಗೆ ಗೊತ್ತೇ ಇರಬಹುದು, ಬೇಸರ ಮಾಡಿಕೊಳ್ಳಬೇಡ. ಶಾಲೆಯೊಳಗೆ ಹಾಕಲು ಬೇರೆ ಶೂ ಬೇಕು. ಮಧ್ಯಾಹ್ನದ ಊಟ ಮಕ್ಕಳ ಜೊತೆ ತರಗತಿಯಲ್ಲೇ ಮಾಡಬೇಕಾಗಬಹುದು. ಸೂಪಿಗೂ ಮೀನಿನ ಕಟ್ಟು ಸೇರಿಸುತ್ತಾರೆ, ನೀನು ತಿನ್ನಲ್ಲ ಅಂತ ಮೊದಲೇ ಹೇಳಿಬಿಡು. ಚಟ್ನಿಪುಡಿ ನಾನು ಕಳಿಸುತ್ತೇನೆ. ನೆಗಡಿಯ ಮಾತ್ರೆ ಕಟ್ಟಿಕೊಳ್ಳುವ ಮುಂಚೆ ಚೀಟಿ ಓದು, ಸೂಡೋಎಫೆಡ್ರಿನ್ ಅನ್ನುವ ಔಷಧಿ ಜಾಸ್ತಿ ಇರುವುದನ್ನು ಅವರು ದೇಶದೊಳಗೇ ಬಿಡುವುದಿಲ್ಲ. ನೀನು ಹೋಗುವ ಗುನ್ಮಾದಲ್ಲಿ ಚಳಿಗಾಲದ ಒಣಗಾಳಿ ಜೋರಂತೆ, ಸ್ವೆಟರ್ ನಂಬಿಕೊಂಡು ಹೋಗಬೇಡ. ಮಕ್ಕಳು ಶಾಲೆ ಗುಡಿಸಿ ಒರೆಸುವಾಗ ನೀನೂ ಒಂದು ಬಟ್ಟೆ ಹಿಡಿದು ಸೇರಿಕೋ. ಅವರು ಬಾಯಿ ಬಿಡುವುದು ಪಾಠಕ್ಕಿಂತ ಮುಂಚೆ ಅಲ್ಲೇ ಅಂತ ನನಗೆ ಅನಿಸುತ್ತದೆ.

ಮತ್ತೆ ಅಲ್ಲಿಗೇ ಬರುತ್ತೇನೆ, ಕ್ಷಮಿಸು. ಮೊದಲ ತರಗತಿಯಲ್ಲಿ ನಿನ್ನ ಪರಿಚಯ ಮಾಡಿಕೊಳ್ಳಲು ಹೇಳುತ್ತಾರಲ್ಲ, ಆಗ ನಾನು ಮನೆಯಲ್ಲಿ ಕನ್ನಡ ಮಾತಾಡುತ್ತೇನೆ, ಇಂಗ್ಲಿಷ್ ಶಾಲೆಯಲ್ಲಿ ಕಲಿತೆ ಅಂತ ನೀನೇ ಮೊದಲು ಹೇಳು. ಬೋರ್ಡಿನ ಮೇಲೆ ಒಂದು ಮಗುವಿನ ಹೆಸರು ಕನ್ನಡದಲ್ಲಿ ಬರೆದು ತೋರಿಸು. ಮುಚ್ಚಿಟ್ಟುಕೊಂಡರೆ ಯಾರು ಯಾವಾಗ ಕಂಡುಹಿಡಿಯುತ್ತಾರೋ ಅಂತ ವರ್ಷವಿಡೀ ಕಾಯಬೇಕಾಗುತ್ತದೆ. ಆ ಕಾಯುವಿಕೆ ನಿನಗೆ ಬೇಡ.

ಮೊದಲ ವಾರ ಮುಗಿದ ಮೇಲೆ ಹೇಗಾಯಿತು ಅಂತ ಬರೆ. ಚೆನ್ನಾಗಿ ಆಗದಿದ್ದರೂ ಬರೆ. ಅಮ್ಮನಿಗೆ ಹೇಳಲು ಆಗದ್ದನ್ನೂ ನನಗೆ ಬರೆಯಬಹುದು.

ನಿನ್ನ ದೊಡ್ಡಮ್ಮ