ಎರಡು ಸಾಲಿನ ಹಿಂದಿನ ಕೆಲಸ

ಮಾನ್ಯರೇ,

ಜನಪ್ರಿಯ ಸಂಸ್ಕೃತಿ ಗಡಿ ದಾಟಲು ಇಂಟರ್‌ನೆಟ್ ಒಂದೇ ಸಾಕು ಎನ್ನುವುದು ಅರ್ಧಸತ್ಯ. 2012ರಲ್ಲಿ ಕೊರಿಯಾದ ‘ಗಂಗ್ನಮ್ ಸ್ಟೈಲ್’ ಯೂಟ್ಯೂಬ್‌ನಲ್ಲಿ 100 ಕೋಟಿ ವೀಕ್ಷಣೆ ದಾಟಿದ ಮೊದಲ ವಿಡಿಯೊ ಆಯಿತು. ಅಲ್ಲಿ ಮಾತು ತಿಳಿಯಬೇಕಿರಲಿಲ್ಲ, ಕುಣಿತವೇ ಸಾಕಿತ್ತು. ಕಥೆಗೆ ಹಾಗಲ್ಲ, ಡಬ್ಬಿಂಗ್ ಇಲ್ಲವೇ ಸಬ್‌ಟೈಟಲ್ ಬೇಕೇ ಬೇಕು.

ಸಬ್‌ಟೈಟಲ್ ಪರದೆಯಲ್ಲಿ ಎರಡು ಸಾಲು ಮೀರುವಂತಿಲ್ಲ. ಇಂಗ್ಲಿಷ್‌ನಲ್ಲಾದರೆ ಸಾಲಿಗೆ ಸುಮಾರು 42 ಅಕ್ಷರ. ಒಂದು ಸೆಕೆಂಡೂ ನಿಲ್ಲದಿದ್ದರೆ ಕಣ್ಣಿಗೆ ದಕ್ಕದು. 7 ಸೆಕೆಂಡ್ ಮೀರಿದರೆ ನೋಡುಗರು ಅದನ್ನೇ ಮತ್ತೆ ಓದತೊಡಗುತ್ತಾರೆ. ಹೀಗಾಗಿ ಪಾತ್ರಗಳು ಪಟಪಟನೆ ಮಾತಾಡಿದಾಗ ಕತ್ತರಿ ಅನಿವಾರ್ಯ. ಮೊದಲು ಹೋಗುವುದು ಸಂಬೋಧನೆ, ಆಮೇಲೆ ಕೊಂಕು. ಯಾರು ಯಾರಿಗೆ ತಗ್ಗಿ ನಡೆಯುತ್ತಿದ್ದಾರೆ ಎಂಬುದೇ ಮಾಯ!

ಮೂಲ ಬಿಟ್ಟು ಇಂಗ್ಲಿಷ್ ಪಠ್ಯದಿಂದ ಮರು ಅನುವಾದ ಮಾಡಿಸಿದರೆ ನಷ್ಟ ಇಮ್ಮಡಿ. ಏಕವಚನ, ಗೌರವವಚನದ ವ್ಯತ್ಯಾಸ ಇಂಗ್ಲಿಷ್‌ನಲ್ಲೇ ಅಳಿಸಿರುತ್ತದೆ, ಮುಂದಿನ ಅನುವಾದಕರು ಊಹಿಸಿ ಬರೆಯುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ಪಾತ್ರಗಳ ವಯಸ್ಸು, ನಂಟು, ಪರಸ್ಪರ ಕರೆಯುವ ರೀತಿಯ ಪಟ್ಟಿಯೊಂದನ್ನು ನಿರ್ಮಾಪಕರು ವಿಡಿಯೊ ಜೊತೆಗೇ ಕೊಡಲಿ. ಹೊಸ ಖರ್ಚೇನಿಲ್ಲ, ಚಿತ್ರಕಥೆ ಬರೆದವರ ಬಳಿ ಈ ವಿವರ ಇದ್ದೇ ಇರುತ್ತದೆ.

– ಒಬ್ಬ ಸಬ್‌ಟೈಟಲ್ ಅನುವಾದಕ