ಉಪ ಖಜಾನೆಯ ಕಬ್ಬಿಣದ ಬಾಗಿಲು ಗುಜರಿಗೆ ಬೇಡ

ಮಾನ್ಯ ಸಂಪಾದಕರೇ,

ನಮ್ಮೂರಿನ ಹಳೆ ತಾಲ್ಲೂಕು ಕಚೇರಿಯ ಗೋಡೆಯಲ್ಲಿ ‘ಉಪ ಖಜಾನೆ’ ಎಂಬ ಬೋರ್ಡು ಇನ್ನೂ ಇದೆ. ಮೊನ್ನೆ ಮೊಮ್ಮಗ ಅದನ್ನು ಓದಿ, ‘ತಾತ, ಇಲ್ಲಿ ಚಿನ್ನ ಇಟ್ಟಿದ್ರಾ?’ ಎಂದ. ನಗು ಬಂತು. ಆದರೆ ಅವನು ಕೇಳಿದ್ದು ಪೂರ್ತಿ ತಪ್ಪಲ್ಲ. ಮೇಲುಕೋಟೆ ದೇವರ ವಜ್ರದ ಕಿರೀಟ ವೈರಮುಡಿ ಇರುವುದು ಮಂಡ್ಯದ ಜಿಲ್ಲಾ ಖಜಾನೆಯಲ್ಲೇ ಅಲ್ವಾ? ಉತ್ಸವದ ದಿನ ಪೊಲೀಸ್ ಕಾವಲಿನಲ್ಲಿ ಹೊರಟು, ದಾರಿಯ ಊರುಗಳಲ್ಲಿ ಪೂಜೆ ಮಾಡಿಸಿಕೊಂಡು ಬೆಟ್ಟ ಹತ್ತುತ್ತದೆ.

ಉಪ ಖಜಾನೆ ಅಂದರೆ ಜಿಲ್ಲಾ ಖಜಾನೆಯ ತಾಲ್ಲೂಕು ಶಾಖೆ. ಸರ್ಕಾರಕ್ಕೆ ಬರುವ, ಸರ್ಕಾರದಿಂದ ಹೋಗುವ ದುಡ್ಡಿನ ಲೆಕ್ಕ ಅಲ್ಲಿ. ಹಿಂದೆ ನಾವು ಭಂಡಾರ, ಬೊಕ್ಕಸ ಅನ್ನುತ್ತಿದ್ದೆವು. ಖಜಾನೆ ಅನ್ನೋ ಮಾತು ಅರಬ್ಬಿಯಿಂದ ಬಂದು ಇಲ್ಲೇ ಉಳಿಯಿತು.

ಅದರ ಜೊತೆ ಜಗಳವೂ ಹಳೆಯದೇ. 1834ರಲ್ಲಿ ಕೊಡಗು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ ಮೇಲೆ, ಅಲ್ಲಿವರೆಗೆ ಕೊಡಗಿಗೆ ಸೇರಿದ್ದು ದವಸದಲ್ಲಿ ಕಂದಾಯ ಕೊಡುತ್ತಿದ್ದ ಸುಳ್ಯ ಸೀಮೆಯ ರೈತರು ನಗದು ಕಟ್ಟಬೇಕಾಯಿತು. 1837ರಲ್ಲಿ ಬಂಡಾಯದ ಮುಖಂಡ ಕೆದಂಬಾಡಿ ರಾಮಯ್ಯಗೌಡರ ಕಡೆಯವರು ಬೆಳ್ಳಾರೆಯ ಖಜಾನೆಗೆ ನುಗ್ಗಿದರು. ಆಮೇಲೆ ಮಂಗಳೂರಿನತ್ತ ನಡೆದರು. ತಮ್ಮ ದುಡ್ಡು ಎಲ್ಲಿ ಹೋಗಿ ಕೂತಿದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು!

ನಾನು ಇಂಥದೇ ಒಂದು ಉಪ ಖಜಾನೆಯಲ್ಲಿ ಗುಮಾಸ್ತನಾಗಿದ್ದವನು. ಸ್ಟ್ರಾಂಗ್ ರೂಮಿಗೆ ಎರಡು ಬೀಗ, ಎರಡು ಕೀಲಿ, ಇಬ್ಬರ ಕೈಯಲ್ಲಿ. ಒಬ್ಬರು ಬರದಿದ್ದರೆ ಬಾಗಿಲು ತೆಗೆಯೋ ಹಾಗಿಲ್ಲ. ಒಳಗೆ ಛಾಪಾ ಕಾಗದದ ಕಟ್ಟುಗಳು, ಅರಗಿನ ವಾಸನೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಬಂತೆಂದರೆ ಪ್ರಶ್ನೆಪತ್ರಿಕೆಯ ಬಂಡಲ್‌ಗಳೂ ಬರುತ್ತಿದ್ದವು. ಆ ದಿನಗಳಲ್ಲಿ ನಮಗೆ ಸರಿಯಾಗಿ ನಿದ್ದೆ ಇರುತ್ತಿರಲಿಲ್ಲ. ತಿಂಗಳ ಮೊದಲ ದಿನ ಪಿಂಚಣಿಗೆ ಬಂದ ಮುದುಕರು ಬೆಳಿಗ್ಗೆಯೇ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದರು.

ಈಗ ಪಿಂಚಣಿ ಬ್ಯಾಂಕಿಗೆ ಬರುತ್ತದೆ. ಬಿಲ್ಲು, ಚಲನ್ ಎಲ್ಲ ‘ಖಜಾನೆ-2’ ಕಂಪ್ಯೂಟರಿನಲ್ಲಿ. ಒಳ್ಳೆಯದೇ ಆಯಿತು, ಅಲೆದಾಟ ತಪ್ಪಿತು. ಆದರೆ ಕಚೇರಿ ಹೊಸ ಕಟ್ಟಡಕ್ಕೆ ಹೋದ ಮೇಲೆ ನಮ್ಮೂರಿನ ಹಳೆ ರಿಜಿಸ್ಟರುಗಳು ಮಳೆ ನೀರು ಸೋರುವ ಮೂಲೆಯಲ್ಲಿ ಬಿದ್ದಿವೆ. ಎರಡು ಬೀಗದ ಆ ಬಾಗಿಲನ್ನೂ ಹರಾಜು ಹಾಕುತ್ತಾರಂತೆ. ತೂಕಕ್ಕೆ ಎಷ್ಟು ಬಂದೀತು? ಅದನ್ನು ಹೊಸ ಕಚೇರಿಯ ಪಡಸಾಲೆಯಲ್ಲಿ ನಿಲ್ಲಿಸಿ, ಪಕ್ಕದಲ್ಲಿ ನಾಲ್ಕು ಸಾಲು ಬರೆಸಲಿ. ರಿಜಿಸ್ಟರುಗಳನ್ನು ಮಳೆಗಾಲಕ್ಕೆ ಮೊದಲೇ ಪತ್ರಾಗಾರಕ್ಕೆ ಕಳಿಸಲಿ.

– ಒಬ್ಬ ನಿವೃತ್ತ ಖಜಾನೆ ನೌಕರ