ಬಾಣಸಿಗನ ಹೆಂಡತಿಗೊಂದು, ಎಂಜಿನಿಯರನ ಹೆಂಡತಿಗೊಂದು

ಮಾನ್ಯ ಸಂಪಾದಕರೇ,

ಹೊರದೇಶದಲ್ಲಿ ನೆಲೆಸಬಯಸುವವರಿಗೆ ಅಲ್ಲಿನವರು ಭಾಷಾ ಪರೀಕ್ಷೆ ಒಡ್ಡುವ ವಿಚಾರ ಬಂದಾಗಲೆಲ್ಲ, ‘ಇರುವ ನೆಲದ ಭಾಷೆ ಕಲಿಯಬೇಕಾದದ್ದೇ, ಅದರಲ್ಲೇನು ತಪ್ಪು?’ ಎಂದು ಮಾತು ಮುಗಿಸುವವರೇ ನಮ್ಮಲ್ಲಿ ಹೆಚ್ಚು. ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದ ನನಗೂ ಅದರಲ್ಲಿ ತಕರಾರಿಲ್ಲ. ಆದರೆ ಜರ್ಮನಿಯಲ್ಲಿರುವ ಗಂಡನನ್ನು ಸೇರಲು ನಮ್ಮ ನೆರೆಮನೆಯ ಹುಡುಗಿ ಪಟ್ಟ ಪಾಡನ್ನು ಹತ್ತಿರದಿಂದ ಕಂಡ ಮೇಲೆ, ಆ ಭಾಷೆಯನ್ನು ಯಾರಿಂದ, ಯಾವಾಗ ಕೇಳುತ್ತಾರೆ ಎಂಬುದನ್ನೂ ವಿಚಾರಿಸಬೇಕು ಎನಿಸಿದೆ.

ಆಕೆಯ ಗಂಡ ಅಲ್ಲಿನ ಭಾರತೀಯ ಹೋಟೆಲೊಂದರಲ್ಲಿ ಅಡುಗೆಯವರು. 2007ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಜರ್ಮನ್ ಕಾನೂನಿನಂತೆ, ಸಂಗಾತಿಯನ್ನು ಸೇರಲು ಹೋಗುವವರು ವೀಸಾ ಪಡೆಯುವ ಮೊದಲೇ ಜರ್ಮನ್ ಭಾಷೆಯ ಎ-1 ಎಂಬ ಮೊಟ್ಟಮೊದಲ ಹಂತವನ್ನು ತಲುಪಿರಬೇಕು. ಪರೀಕ್ಷೆಯಲ್ಲಿ ಕೇಳಿ ತಿಳಿಯುವುದು, ಓದುವುದು, ಬರೆಯುವುದು, ಮಾತನಾಡುವುದು ಎಂಬ ನಾಲ್ಕು ಭಾಗಗಳಿದ್ದು, ನೂರಕ್ಕೆ 60 ಅಂಕ ಬಂದರೆ ಪಾಸು. ಸುಮಾರು 30 ಪದಗಳ ಪುಟ್ಟ ಪತ್ರ ಬರೆಯಬೇಕು. ಮೌಖಿಕದಲ್ಲಿ ಹೆಸರಿನ ಅಕ್ಷರಗಳನ್ನು ಬಿಡಿಸಿ ಹೇಳಬೇಕು, ಫೋನ್ ನಂಬರ್ ಹೇಳಬೇಕು. ಬಿ.ಎ. ಮಾಡಿದವರಿಗೆ ಇದು ಮೂರು ತಿಂಗಳ ಕೆಲಸವಿರಬಹುದು. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಆಕೆಗೆ ಪುಸ್ತಕದಲ್ಲಿದ್ದ ಜರ್ಮನ್ನಿನಷ್ಟೇ ಅದರ ವಿವರಣೆಯ ಇಂಗ್ಲಿಷೂ ಪರಭಾಷೆ. ಶಾಲೆಯಲ್ಲಿ ‘ಎ’ ಎಂದು ಕಲಿತ ಅಕ್ಷರ ಅಲ್ಲಿ ‘ಆ’, ‘ಇ’ ಎಂದು ಕಲಿತದ್ದು ‘ಏ’, ‘ಐ’ ಎಂದು ಕಲಿತದ್ದು ‘ಈ’. ತನ್ನ ಹೆಸರನ್ನೇ ಬಿಡಿಸಿ ಹೇಳಲು ಆಕೆ ವಾರಗಟ್ಟಲೆ ತಡವರಿಸಿದಳು. ಇಪ್ಪತ್ತೊಂದನ್ನು ಅವರು ‘ಒಂದೂ ಇಪ್ಪತ್ತೂ’ ಎಂದು ತಿರುಗಿಸಿ ಹೇಳುತ್ತಾರೆ. ಸಂಜೆ ನಮ್ಮ ಜಗಲಿಯಲ್ಲಿ ಕುಳಿತು ನಾನೂ ಅವಳ ಜೊತೆ ಕಲಿತೆ. ಮೇಜು ಪುಲ್ಲಿಂಗ, ದೀಪ ಸ್ತ್ರೀಲಿಂಗ, ಹುಡುಗಿ ಮಾತ್ರ ನಪುಂಸಕಲಿಂಗ ಎಂದು ಓದಿದ ದಿನ ಇಬ್ಬರೂ ಮನಸಾರೆ ನಕ್ಕಿದ್ದೆವು. ಮೊದಲ ಸಲ 54 ಅಂಕ ಬಂದಾಗ ನಗಲಿಲ್ಲ. ರಾತ್ರಿ ಬಸ್ಸಿನಲ್ಲಿ ಮತ್ತೆ ಬೆಂಗಳೂರಿಗೆ ಹೋಗಿ, ಮತ್ತೆ ಶುಲ್ಕ ಕಟ್ಟಿ, ಎರಡನೆಯ ಸಲ ಪಾಸಾದಳು. ಅಷ್ಟರಲ್ಲಿ ಹನ್ನೊಂದು ತಿಂಗಳು ಕಳೆದಿತ್ತು.

ಅದೇ ಬೀದಿಯ ಇನ್ನೊಂದು ಮನೆಯ ಸೊಸೆ ಒಂದಕ್ಷರ ಜರ್ಮನ್ ಕಲಿಯದೆ ವಿಮಾನ ಹತ್ತಿದಳು. ಅವಳ ಗಂಡ ಸಾಫ್ಟ್‌ವೇರ್ ಎಂಜಿನಿಯರ್. ಉನ್ನತ ಕೌಶಲದ ವಿದೇಶಿ ನೌಕರರಿಗೆ ಕೊಡುವ ‘ಬ್ಲೂ ಕಾರ್ಡ್’ ಎಂಬ ವಾಸದ ಪರವಾನಗಿ ಉಳ್ಳವರ ಸಂಗಾತಿಗೆ ಈ ಪರೀಕ್ಷೆಯಿಂದ ವಿನಾಯಿತಿಯಿದೆ. ಅಮೆರಿಕ, ಜಪಾನ್, ಆಸ್ಟ್ರೇಲಿಯಾದಂಥ ಕೆಲವು ದೇಶಗಳ ಪ್ರಜೆಗಳನ್ನು ಸೇರಲು ಹೋಗುವವರಿಗೂ ಅಷ್ಟೇ. ಆದರೆ ಜರ್ಮನ್ ಪ್ರಜೆಯನ್ನೇ ಮದುವೆಯಾದ ನಮ್ಮೂರ ಹುಡುಗಿಗೆ ಸಾಮಾನ್ಯವಾಗಿ ವಿನಾಯಿತಿಯಿಲ್ಲ! ಬಲವಂತದ ಮದುವೆ ತಡೆಯುವುದು ಮತ್ತು ಹೊಸಬರು ಬೇಗ ಹೊಂದಿಕೊಳ್ಳುವಂತೆ ಮಾಡುವುದು ಈ ನಿಯಮದ ಉದ್ದೇಶವೆಂದು ಆ ಸರ್ಕಾರ ಹೇಳಿತ್ತು. ಹಾಗಿದ್ದರೆ ಎಂಜಿನಿಯರನ ಹೆಂಡತಿ ಹೊಂದಿಕೊಳ್ಳುವುದು ಬೇಡವೇ? ಟರ್ಕಿಯ ಮಹಿಳೆಯೊಬ್ಬರ ಪ್ರಕರಣದಲ್ಲಿ 2014ರ ಜುಲೈನಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ ಈ ನಿಯಮಕ್ಕೆ ಆಕ್ಷೇಪ ಎತ್ತಿತಾದರೂ, ಆ ತೀರ್ಪು ಟರ್ಕಿಯೊಂದಿಗಿನ ಹಳೆಯ ಒಪ್ಪಂದವನ್ನು ಆಧರಿಸಿದ್ದರಿಂದ ನಮ್ಮವರ ನೆರವಿಗೆ ಬರಲಿಲ್ಲ.

ಜರ್ಮನಿಯ ಪೌರತ್ವದ ಪರೀಕ್ಷೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಪೌರತ್ವಕ್ಕೆ ಎ-1ಕ್ಕಿಂತ ಎರಡು ಮೆಟ್ಟಿಲು ಮೇಲಿನ ಬಿ-1 ಹಂತದ ಭಾಷೆ ಬೇಕು, ನಿಜ. ಆದರೆ ಸಂವಿಧಾನ, ಇತಿಹಾಸ, ಸಮಾಜವನ್ನು ಕುರಿತ ಪ್ರಶ್ನೆಪತ್ರಿಕೆಯಲ್ಲಿ 33 ಪ್ರಶ್ನೆಗಳಿಗೆ 17 ಸರಿಯುತ್ತರ ಸಾಕು, ಅವನ್ನು ಆರಿಸುವ 310 ಪ್ರಶ್ನೆಗಳ ಪಟ್ಟಿ ಮೊದಲೇ ಎಲ್ಲರ ಕೈಗೆ ಸಿಗುತ್ತದೆ. ಗೈಡು ಬಾಯಿಪಾಠ ಮಾಡಿ ಪಾಸಾದ ಮಕ್ಕಳನ್ನು ಸಾಕಷ್ಟು ಕಂಡ ನನಗೆ ಅದು ಏನನ್ನು ಅಳೆಯುತ್ತದೆಂಬ ಅನುಮಾನವಿದೆ. ಇರಲಿ, ಅದನ್ನು ಬರೆಯುವವರು ಆ ದೇಶದಲ್ಲಿ ವರ್ಷಗಟ್ಟಲೆ ಇದ್ದು, ಅಂಗಡಿಯಲ್ಲಿ, ಬಸ್ಸಿನಲ್ಲಿ ಆ ಭಾಷೆಯನ್ನು ಕಿವಿಗೆ ಹಾಕಿಕೊಂಡವರು. ಹೊಸಬರಿಗಾಗಿ ಜರ್ಮನಿ 600 ಗಂಟೆಗಳ ಭಾಷಾ ಪಾಠವನ್ನೂ ಅಲ್ಲಿನ ಜೀವನ ಪರಿಚಯಿಸುವ 100 ಗಂಟೆಗಳ ಪಾಠವನ್ನೂ ನಡೆಸುತ್ತಿದೆ. ಇಂಥ ಒಳ್ಳೆಯ ಏರ್ಪಾಡು ಇರುವಾಗ, ಅದರ ಮೊದಲ ಮೆಟ್ಟಿಲನ್ನು ಮಾತ್ರ ಕುಂದಾಪುರದ ಜಗಲಿಯಲ್ಲೇ ಹತ್ತಿ ಬಾ ಎನ್ನುವುದೇಕೆ?

ನಮ್ಮ 1955ರ ಪೌರತ್ವ ಕಾಯ್ದೆಯೂ ಭಾಷೆಯನ್ನು ಕೇಳುತ್ತದೆ. ಅರ್ಜಿ ಹಾಕಿ ಪೌರತ್ವ ಪಡೆಯುವ ವಿದೇಶಿಯರಿಗೆ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದಾದರೂ ಒಂದು ಭಾಷೆ ಸಾಕಷ್ಟು ತಿಳಿದಿರಬೇಕೆಂದು ಅದರ ಮೂರನೆಯ ಅನುಸೂಚಿ ಹೇಳುತ್ತದೆ. ಆ ಭಾಷೆ ಕನ್ನಡವೂ ಆಗಬಹುದು ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತೋ! ಸಾಮಾನ್ಯವಾಗಿ ಹನ್ನೆರಡು ವರ್ಷ ಇಲ್ಲಿ ಬಾಳಿದವರನ್ನು ಹಾಗೆ ಕೇಳುವುದರಲ್ಲಿ ನ್ಯಾಯವಿದೆ.

ಭಾರತ ಮತ್ತು ಜರ್ಮನಿ 2022ರ ಡಿಸೆಂಬರ್‌ನಲ್ಲಿ ವಲಸೆಯ ಒಪ್ಪಂದಕ್ಕೆ ಸಹಿ ಹಾಕಿವೆ. ಮುಂದಿನ ಮಾತುಕತೆಗಳಲ್ಲಿ ನಮ್ಮ ಪ್ರತಿನಿಧಿಗಳು ಅಡುಗೆಯವರ ಸಂಸಾರದ ಪ್ರಶ್ನೆಯನ್ನೂ ಎತ್ತಬೇಕು. ಅದು ಆಗುವವರೆಗೆ, ಎ-1 ಹಂತಕ್ಕೆ ಕನ್ನಡದಲ್ಲೇ ವಿವರಣೆಯಿರುವ ಪಠ್ಯವೊಂದನ್ನು ರಾಜ್ಯದ ಕೌಶಲಾಭಿವೃದ್ಧಿ ಇಲಾಖೆ ಸಿದ್ಧಪಡಿಸಲಿ. ನಾವಿಬ್ಬರೂ ಬರೆದಿಟ್ಟ ಎರಡು ನೋಟ್‌ಬುಕ್‌ಗಳು ನನ್ನಲ್ಲಿವೆ. ತಪ್ಪು ತಿದ್ದಿಕೊಳ್ಳುವುದಾದರೆ ಅವನ್ನು ಸಂತೋಷದಿಂದ ಕೊಡುತ್ತೇನೆ.

– ನಿವೃತ್ತ ಕನ್ನಡ ಶಿಕ್ಷಕಿ, ಕುಂದಾಪುರ